ಚಿಕ್ಕಪ್ಪನ ಟೆಕ್ನಿಕ್ಸ್ ನಾನೇ ಮಾರಿದೆ, ಸ್ಪೀಕರ್ ಅಂಗಡಿಗೆ ಕೊಟ್ಟೆ

ಚಿಕ್ಕಪ್ಪ ಮಸ್ಕತ್‌ನಲ್ಲಿದ್ದಾಗ ಒಂದೊಂದಾಗಿ ಕೊಂಡು ತಂದ ಸೆಟ್ ಅದು. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್), ಸಾನ್ಸುಯಿ ಆಂಪ್ಲಿಫೈಯರ್, ಒಂದು ಕ್ಯಾಸೆಟ್ ಡೆಕ್, ಸೊಂಟದೆತ್ತರದ ಎರಡು ಸ್ಪೀಕರ್. ಅವರು ತೀರಿಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಉಡುಪಿಯ ಮನೆ ಮಾರುವಾಗ ಚಿಕ್ಕಮ್ಮ, "ನೀನೇ ತಗೊಂಡು ಹೋಗಿ ಏನಾದ್ರೂ ಮಾಡು ಮಾರಾಯ" ಎಂದರು. ಕಾರಿನ ಹಿಂದಿನ ಸೀಟಿಗೆ ಹಳೇ ಕಂಬಳಿ ಹಾಸಿ ಬೆಂಗಳೂರಿಗೆ ತಂದೆ.

ಮೊದಲು ಹೋಗಿದ್ದು ಹಳೇ ಆಡಿಯೋ ಸಾಮಾನು ಕೊಂಡು ಮಾರುವ ಒಂದು ಅಂಗಡಿಗೆ. ಅಂಗಡಿಯವರು ಆಂಪ್‌ನ ವಾಲ್ಯೂಮ್ ತಿರುಗಿಸಿದರು. ಗರಗರ ಸದ್ದು. ಸ್ಪೀಕರ್ ಕೋನ್ ಸುತ್ತ ಇರುವ ಸ್ಪಂಜಿನ ಬಳೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಕರೀ ಪುಡಿ ಉದುರಿತು. ಏನೂ ಮಾತಾಡದೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಎಲ್ಲಾ ಸೇರಿ 38 ಸಾವಿರ" ಎಂದರು.

ಬಿಡಿಬಿಡಿಯಾಗಿ ಕೇಳಿದೆ. ಟರ್ನ್‌ಟೇಬಲ್ಲಿಗೆ 26, ಉಳಿದ ಎಲ್ಲಕ್ಕೂ ಸೇರಿ 12. ನನಗೆ ಸಿಟ್ಟು ಬಂತು. ಅದೇ ಮಾಡೆಲ್ಲನ್ನು ಜನ 50 ಸಾವಿರದ ಮೇಲೆ ಮಾರುತ್ತಿದ್ದುದನ್ನು ಆನ್‌ಲೈನ್‌ನಲ್ಲಿ ನೋಡಿಕೊಂಡೇ ಹೋಗಿದ್ದೆ. ಅವರು ಮಾತ್ರ ತಣ್ಣಗಿದ್ದರು. "ನಾನು ಸರ್ವೀಸ್ ಮಾಡಿಸ್ಬೇಕು, ಗಿರಾಕಿ ಬರೋವರೆಗೂ ಇಟ್ಕೋಬೇಕು, ಕೆಟ್ಟೋಯ್ತು ಅಂತ ವಾಪಸ್ ತಂದ್ರೆ ನಾನೇ ನೋಡ್ಕೋಬೇಕು ಸರ್." ಆಗ ಅದು ವ್ಯಾಪಾರದ ಮಾತು ಅನ್ನಿಸಿತು. ಆಮೇಲೆ ಒಂದೊಂದೂ ನನ್ನ ಮೇಲೇ ಬಂತು.

ನಾನೇ ಮಾರುತ್ತೇನೆ ಎಂದು ವಾಪಸ್ ತಂದೆ. ಎಸ್.ಪಿ. ರಸ್ತೆಯಲ್ಲಿ 400 ರೂಪಾಯಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಕ್ಕಿತು. ಆಂಪ್‌ನ ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ವಾಲ್ಯೂಮ್ ಕಂಟ್ರೋಲ್ ಒಳಗೆ ಎರಡು ಸಲ ಹೊಡೆದು, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿದೆ. ಗರಗರ ಹೋಯಿತು! ಟರ್ನ್‌ಟೇಬಲ್ಲಿಗೆ 2,400 ಕೊಟ್ಟು ಹೊಸ ಸ್ಟೈಲಸ್, ಅಂದರೆ ರೆಕಾರ್ಡ್ ಮೇಲೆ ಓಡುವ ಮುಳ್ಳು, ಹಾಕಿಸಿದೆ.

ಫೋಟೋ ಹಾಕಿದ ದಿನವೇ ಒಬ್ಬನ ಫೋನ್. ತಾನು ಆರ್ಮಿಯಲ್ಲಿದ್ದೇನೆ ಎಂದ. ಚೌಕಾಸಿಯೇ ಇಲ್ಲ, ಅಲ್ಲೇ ಅನುಮಾನ ಬರಬೇಕಿತ್ತು. ಅಡ್ವಾನ್ಸ್ ಕಳಿಸ್ತೀನಿ ಅಂತ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಯುಪಿಐನಲ್ಲಿ ಪಿನ್ ಬೇಕಾಗುವುದು ದುಡ್ಡು ಕೊಡುವಾಗ, ತಗೊಳ್ಳುವಾಗ ಅಲ್ಲ. ಫೋನ್ ಇಟ್ಟೆ.

ಆಮೇಲೆ ಮನೆಗೆ ಬಂದವರು ಒಂಬತ್ತು ಜನ. ಮೂವರು ಸುಮ್ನೆ ಹಾಡು ಕೇಳೋಕೆ ಬಂದವರು. ಹೆಂಡತಿ ಕಾಫಿ ಮಾಡಿ ಮಾಡಿ ಸುಸ್ತಾದಳು. ಕೊನೆಗೆ ಮೈಸೂರಿನಿಂದ ಬಂದ ಒಬ್ಬರಿಗೆ ವಿಷಯ ಗೊತ್ತಿತ್ತು. ಪವರ್ ಹಾಕಿ, ವೇಗ ಹೆಚ್ಚು ಕಡಿಮೆ ಮಾಡುವ ಪಿಚ್ ಸ್ಲೈಡರ್ ನಡುವಿಗಿಟ್ಟು, ರೆಕಾರ್ಡ್ ಹೊತ್ತು ತಿರುಗುವ ತಟ್ಟೆಯ, ಅಂದರೆ ಪ್ಲಾಟರ್‌ನ, ಅಂಚಿನ ಚುಕ್ಕೆಗಳನ್ನೇ ನೋಡುತ್ತಾ ಕೂತರು. ಕೆಂಪು ಬೆಳಕಿನಲ್ಲಿ ದೊಡ್ಡ ಚುಕ್ಕೆಗಳ ಸಾಲು ನಿಂತ ಹಾಗೆ ಕಂಡರೆ ವೇಗ ಸರಿ ಇದೆ ಎಂದರ್ಥ. ನಿಂತಿತ್ತು. ಈ ಮಾಡೆಲ್ ಬಂದಿದ್ದು 1979ರಲ್ಲಿ. ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ಪ್ಲಾಟರ್ ತಿರುಗಿಸುತ್ತದೆ. 52 ಸಾವಿರಕ್ಕೆ ಮಾತು ಮುಗಿಯಿತು.

ಪ್ಯಾಕಿಂಗ್ ಕಲಿಸಿದ್ದೂ ಅವರೇ. ರಬ್ಬರ್ ಮ್ಯಾಟ್ ತೆಗೆದು, ಪ್ಲಾಟರ್‌ನ ಎರಡು ತೂತಿಗೆ ಬೆರಳು ಹಾಕಿ ನೆಟ್ಟಗೆ ಮೇಲೆತ್ತಬೇಕು. ತೋಳಿನ ತುದಿಯಲ್ಲಿ ಮುಳ್ಳು ಕೂರುವ ಹೆಡ್‌ಶೆಲ್, ತೋಳಿನ ಹಿಂದಿನ ತೂಕದ ಗುಂಡು ಎರಡನ್ನೂ ಬಿಚ್ಚಿ ಬೇರೆ ಸುತ್ತಬೇಕು. ತೋಳನ್ನು ಅದರ ಕೊಕ್ಕೆಗೆ ಮೆತ್ತನೆ ದಾರದಲ್ಲಿ ಕಟ್ಟಬೇಕು. ಪ್ಲಾಟರ್ ಹಾಗೇ ಬಿಟ್ಟು ಕಳಿಸಿದರೆ ದಾರಿಯ ಹಂಪ್‌ಗಳಲ್ಲಿ ಕುಣಿದು ಬೇರಿಂಗ್ ಹಾಳು.

ಆಂಪ್ 14 ಸಾವಿರಕ್ಕೆ ಹೋಯಿತು. ಹತ್ತು ದಿನ ಬಿಟ್ಟು ತಗೊಂಡವರ ಫೋನ್: ಎಡಗಡೆ ಸದ್ದಿಲ್ಲ. ಗ್ಯಾರಂಟಿ ಏನೂ ಇಲ್ಲ ಅಂತ ಮೊದಲೇ ಹೇಳಿದ್ದೆ. ಆದರೂ ಹುಡುಗ ಕಾಲೇಜಿನವನು, ನಿದ್ದೆ ಬರಲಿಲ್ಲ. ರಿಪೇರಿಯ 3,000 ನಾನೇ ಕೊಟ್ಟೆ.

ಉಳಿದದ್ದು ಸ್ಪೀಕರ್, ಡೆಕ್. ಸ್ಪೀಕರ್ ಒಬ್ಬರಿಗೂ ಬೇಡ. ಮತ್ತೆ ಅದೇ ಅಂಗಡಿಗೆ ಹೋದೆ. "ಒಳ್ಳೇ ಪೀಸ್ ಮಾರ್ಕೊಂಡು ಬಂದಿದೀರ" ಎಂದು ನಕ್ಕು, ಎಲ್ಲಾ ಸೇರಿ ಮೂರೂವರೆ ಸಾವಿರ ಕೊಟ್ಟರು. ಟರ್ನ್‌ಟೇಬಲ್ ಜೊತೆಗಿದ್ದುದರಿಂದಲೇ ಮೊದಲ ಸಲ ಈ ಸಾಮಾನಿಗೂ ಒಂದು ರೇಟು ಬಂದಿತ್ತು. ಅದು ನನಗೆ ಹೊಳೆದಿರಲಿಲ್ಲ.

ಖರ್ಚು ಕಳೆದು ಕೈಗೆ ಬಂದಿದ್ದು 63,700. ಅಂಗಡಿಯ 38 ಸಾವಿರಕ್ಕಿಂತ 25,700 ಜಾಸ್ತಿ. ಅದಕ್ಕೆ ಎರಡೂವರೆ ತಿಂಗಳ ಭಾನುವಾರಗಳು ಹೋದವು. ನನಗಂತೂ ಲಾಭವೇ, ಟರ್ನ್‌ಟೇಬಲ್ ಒಂದರಿಂದಲೇ. ಅದಿಲ್ಲದ ಸೆಟ್ ಆಗಿದ್ದರೆ ಮೊದಲ ದಿನವೇ ಕೊಟ್ಟು ಬರುತ್ತಿದ್ದೆ.

ಕಳೆದ ತಿಂಗಳು ಗೆಳೆಯನೊಬ್ಬ ಇಂಥದ್ದೇ ಸೆಟ್ ಇಟ್ಟುಕೊಂಡು ಕೇಳಿದ. ಪುಣೆಗೆ ಟ್ರಾನ್ಸ್‌ಫರ್, ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕು. ನಾನೇ ಅವನನ್ನು ಆ ಅಂಗಡಿಗೆ ಕರೆದುಕೊಂಡು ಹೋದೆ. ಆದರೆ ಟರ್ನ್‌ಟೇಬಲ್ಲನ್ನು ಮೊದಲೇ ಬೇರೆಯಾಗಿ ಮಾರಲು ಬಿಡಲಿಲ್ಲ. ಅದನ್ನು ಕೌಂಟರ್ ಮೇಲೆ ಎಲ್ಲಕ್ಕಿಂತ ಮುಂದೆ ಇಟ್ಟೆವು.