ಮಡಿಕೇರಿ ಎತ್ತರದಲ್ಲಿ 1.8 ಟರ್ಬೊ: ನಾನು ಟ್ಯೂನ್ ಮಾಡಿಸಿದ ರೀತಿ

ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಕಾರಿಗೆ ಬೆಟ್ಟದಲ್ಲಿ ಪವರ್ ಕಮ್ಮಿ ಆಗಲ್ಲ ಅನ್ನೋ ಮಾತು ನಮ್ಮ ಕೊಡಗಿನಲ್ಲಿ ಜಾಸ್ತಿ ಕೇಳಿಬರುತ್ತದೆ. ಅದು ಅರ್ಧ ನಿಜ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 12–13ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಪವರ್ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಆ ಕೊರತೆ ತುಂಬಲು ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ. ಪವರ್ ಸಿಗುತ್ತದೆ, ಬಿಸಿಯೂ ಏರುತ್ತದೆ.

ನನ್ನದು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1,781 ಸಿಸಿ, ನಾಲ್ಕು ಸಿಲಿಂಡರ್, 20 ವಾಲ್ವ್, ಬೀಡು ಕಬ್ಬಿಣದ ಬ್ಲಾಕ್, ಕೆ03 ಅನ್ನೋ ಸಣ್ಣ ಟರ್ಬೊ. ಕಂಪನಿ ಕೊಟ್ಟದ್ದು 150 ಎಚ್‌ಪಿ. ಈ ಎಂಜಿನ್‌ಗೆ ದೊಡ್ಡ ಟರ್ಬೊ ಹಾಕಿಸುವವರು ಬಹಳ ಜನ, ನಾನು ಹಾಕಿಸಲಿಲ್ಲ. ಸಂಪಾಜೆ ಘಾಟಿಯ ತಿರುವಿನಿಂದ ಹೊರಬರುವಾಗ ಎಂಜಿನ್ 2,000 ಆರ್‌ಪಿಎಂ ಆಸುಪಾಸಿನಲ್ಲಿರುತ್ತದೆ. ದೊಡ್ಡ ಟರ್ಬೊ ಎಚ್ಚರಗೊಳ್ಳುವ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತದೆ, ಅಲ್ವಾ?

ಟ್ಯೂನಿಂಗ್‌ಗೆ (ಇಸಿಯುವಿನ ಸೆಟ್ಟಿಂಗ್ ಬದಲಿಸುವುದಕ್ಕೆ) ಮೊದಲು ಗಾಳಿ ಸೋರಿಕೆ ಹುಡುಕಿದೆ. ಇಷ್ಟು ವರ್ಷದ ಕಾರಲ್ಲಿ ರಬ್ಬರ್ ಹೋಸ್‌ಗಳು ಒಣಗಿ ಬಿರುಕು ಬಿಟ್ಟಿರುತ್ತವೆ, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿನ ಗಾಳಿಯನ್ನು ತಿರುಗಿಸಿ ಬಿಡುವ ಡೈವರ್ಟರ್ ವಾಲ್ವ್‌ನ ಡಯಾಫ್ರಾಮ್ ಹರಿದಿರಬಹುದು. ಟರ್ಬೊದ ಬಾಯಿಗೆ ಪಿವಿಸಿ ಕ್ಯಾಪ್ ಹಾಕಿ, ಅದಕ್ಕೊಂದು ಟಯರ್ ವಾಲ್ವ್ ಕೂರಿಸಿ, ತೋಟದ ಕಂಪ್ರೆಸರ್‌ನಿಂದ ನಿಧಾನಕ್ಕೆ ಗಾಳಿ ಬಿಟ್ಟು, ಜಾಯಿಂಟ್‌ಗಳಿಗೆಲ್ಲ ಸೋಪು ನೀರು ಹಚ್ಚಿದೆ. ಗುಳ್ಳೆ ಬಂದಲ್ಲಿ ಹೊಸ ಹೋಸ್, ಹೊಸ ಕ್ಲಿಪ್. ಸೋರುವ ಎಂಜಿನ್‌ಗೆ ಟ್ಯೂನ್ ಹಾಕಿಸುವುದು ದುಡ್ಡು ದಂಡ.

ಆಮೇಲೆ ಇಂಟರ್‌ಕೂಲರ್, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗ. ಕಂಪನಿಯದು ಬಂಪರ್ ಮೂಲೆಯಲ್ಲಿ, ಚಕ್ರದ ಮುಂದೆ ಅಡಗಿ ಕೂತಿರುತ್ತದೆ. ಮಳೆಗಾಲದ ಕೆಂಪು ಕೆಸರೆಲ್ಲ ಅಲ್ಲೇ ಮೆತ್ತಿಕೊಳ್ಳುತ್ತದೆ. ಅದನ್ನು ತೆಗೆದು ರೇಡಿಯೇಟರ್ ಮುಂದೆ ದೊಡ್ಡದೊಂದನ್ನು ಕೂರಿಸಿದೆವು.

ಇದಕ್ಕೆ ಯಾಕೆ ಇಷ್ಟು ತಲೆಕೆಡಿಸಿಕೊಂಡೆ ಅಂದರೆ, ನನ್ನ ಗುರಿ ಸಮುದ್ರಮಟ್ಟದಲ್ಲಿ 0.9 ಬಾರ್ ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ). ಅಲ್ಲಿ ಟರ್ಬೊ ಗಾಳಿಯ ಒತ್ತಡವನ್ನು ಸುಮಾರು 1.9 ಪಟ್ಟು ಮಾಡಿದರೆ ಸಾಕು. ಅದೇ ಒಟ್ಟು ಒತ್ತಡ ಮಡಿಕೇರಿಯಲ್ಲಿ ಬೇಕಾದರೆ 2.15 ಪಟ್ಟು ಆಗುತ್ತದೆ. ಒಳಗೆ ಹೋಗುವ ಗಾಳಿ 25 ಡಿಗ್ರಿ, ಕಂಪ್ರೆಸರ್ ದಕ್ಷತೆ ಶೇ. 70 ಅಂತ ಹಿಡಿದು ಲೆಕ್ಕ ಹಾಕಿದರೆ, ಟರ್ಬೊದಿಂದ ಹೊರಬರುವ ಗಾಳಿ ಕೆಳಗೆ 110 ಡಿಗ್ರಿ, ಮೇಲೆ 130 ಡಿಗ್ರಿ ಹತ್ತಿರ ಇರುತ್ತದೆ. ಸಣ್ಣ ಟರ್ಬೊವನ್ನು ಅಷ್ಟು ತಿರುಗಿಸಿದರೆ ದಕ್ಷತೆ ಇನ್ನೂ ಬೀಳುತ್ತದೆ. ಬಿಸಿ ಗಾಳಿ ಅಂದರೆ ನಾಕಿಂಗ್, ಸಿಲಿಂಡರ್ ಒಳಗೆ ಮಿಶ್ರಣ ತಾನಾಗೇ ಸಿಡಿಯುವುದು. ನಾಕ್ ಸೆನ್ಸರ್ ಅದನ್ನು ಹಿಡಿದ ಕೂಡಲೇ ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸುತ್ತದೆ. ಗೇಜ್‌ನಲ್ಲಿ ಬೂಸ್ಟ್ ಹಾಗೇ ಇರುತ್ತದೆ, ಆದರೆ ಕಾರು ಎಳೆಯುವುದಿಲ್ಲ. ಏರುದಾರಿಯಲ್ಲಿ ವೇಗವೂ ಕಮ್ಮಿ, ಇಂಟರ್‌ಕೂಲರ್‌ಗೆ ಗಾಳಿ ಸಾಲದು.

ಟ್ಯೂನರ್ ಹುಡುಗ ಬಯಲುಸೀಮೆಯವನು, ಕೆಲಸದಲ್ಲಿ ಚುರುಕು. "ಅಣ್ಣಾ, ಇನ್ನೊಂದು 0.2 ಬಾರ್ ಏರಿಸೋಣ, ಎಂಜಿನ್ ತಡ್ಕೊಳ್ಳುತ್ತೆ" ಅಂದ. "ಬೇಡಪ್ಪ, ಮೊದಲು ಮಡಿಕೇರಿಗೆ ಬಂದು ಲಾಗ್ ನೋಡು" ಅಂದೆ. ಬಂದ. ಲ್ಯಾಪ್‌ಟಾಪ್‌ನಲ್ಲಿ ಇಸಿಯು ಕೊಡುವ ಅಂಕಿಗಳನ್ನು (ಇದೇ ಲಾಗ್) ತೆರೆದು, ಗ್ರೂಪ್ 115ರಲ್ಲಿ ಇಸಿಯು ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ಗ್ರೂಪ್ 020ರಲ್ಲಿ ನಾಲ್ಕೂ ಸಿಲಿಂಡರ್‌ಗಳ ಟೈಮಿಂಗ್ ಎಷ್ಟು ಹಿಂದೆ ಸರಿದಿದೆ ಅಂತ ನೋಡಿದೆವು. ಎರಡನೇ ಗೇರ್‌ನಲ್ಲಿ ಏರು ಹತ್ತಿಸಿದರೆ 5,000 ಆರ್‌ಪಿಎಂ ದಾಟಿದ ಮೇಲೆ ಟೈಮಿಂಗ್ ಹಿಂದೆ ಸರಿಯುತ್ತಿತ್ತು. ಅವನೇ ಬೂಸ್ಟ್ ಇಳಿಸಿದ. ಈಗ ನಡುವೆ 0.9 ಬಾರ್, 6,000ಕ್ಕೆ ಬರುವಾಗ 0.65. ಟಾಪ್ ಎಂಡ್‌ನಲ್ಲಿ ಹೋದದ್ದು ಗೊತ್ತೇ ಆಗಲ್ಲ. ಕೆಳಗೂ, 3,000ದೊಳಗೆ, ಟಾರ್ಕ್ ಒಮ್ಮೆಲೇ ನುಗ್ಗದ ಹಾಗೆ ತಡೆದಿದ್ದೇವೆ, ಯಾಕಂದ್ರೆ ಈ ಎಂಜಿನ್‌ನ ಕನೆಕ್ಟಿಂಗ್ ರಾಡ್‌ಗಳು ತೆಳು, ಬಾಗುವುದು ಅಲ್ಲೇ.

ಪೆಟ್ರೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಇ20 (ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಅಂದರೆ ಬೈಯುವವರೇ ಜಾಸ್ತಿ. ನಾಕಿಂಗ್ ಮಟ್ಟಿಗೆ ಅದು ಒಳ್ಳೆಯದೇ, ಮಾನದಂಡದ ಪ್ರಕಾರ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಕನಿಷ್ಠ 95. ತೊಂದರೆ ಬೇರೆ ಕಡೆ ಇದೆ. ಬರೀ ಪೆಟ್ರೋಲ್‌ಗೆ ಕಿಲೋಗೆ 14.7 ಕಿಲೋ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಕಿಲೋ, ಅಂದರೆ ಇಂಜೆಕ್ಟರ್ ಶೇ. 8–9ರಷ್ಟು ಹೆಚ್ಚು ಇಂಧನ ಕೊಡಬೇಕು. ಬೂಸ್ಟ್ ಏರಿಸಿ ಮೊದಲೇ ಇಂಜೆಕ್ಟರ್‌ನ ಮಿತಿ ಹತ್ತಿರ ತಂದಿದ್ದರೆ, ಫುಲ್ ಥ್ರಾಟಲ್‌ನಲ್ಲಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಅದಕ್ಕೇ ಈ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಗೇಜ್ ಹಾಕಿಸಿದೆ. ಫುಲ್ ಲೋಡ್‌ನಲ್ಲಿ ಲ್ಯಾಂಬ್ಡಾ (ಸರಿ ಮಿಶ್ರಣಕ್ಕೆ 1, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ) 0.82–0.85ರೊಳಗೆ ಇರಬೇಕು. ಫ್ಯೂಯಲ್ ಹೋಸ್‌ಗಳನ್ನೂ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿದೆ.

ಆಯಿಲ್ 5ಡಬ್ಲ್ಯೂ-40 ಫುಲ್ ಸಿಂಥೆಟಿಕ್, 5,000 ಕಿಲೋಮೀಟರ್‌ಗೆ ಬದಲು. ಘಾಟಿ ಹತ್ತಿ ಬಂದ ತಕ್ಷಣ ಎಂಜಿನ್ ಆಫ್ ಮಾಡಲ್ಲ, ಮಡಿಕೇರಿ ಪೇಟೆಗೆ ಬರುವ ಮೊದಲೇ ನಿಧಾನ ಮಾಡಿ ತಂಪಾಗಲು ಬಿಡುತ್ತೇನೆ. ಇಲ್ಲದಿದ್ದರೆ ಟರ್ಬೊಗೆ ಹೋಗುವ ಆಯಿಲ್ ಪೈಪ್‌ನಲ್ಲಿ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಮುಂದಿನ ಕೆಲಸ ಡೌನ್‌ಪೈಪ್, ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್. ಅದು ಬಂದರೆ ಬೂಸ್ಟ್ ಮತ್ತೆ ಬದಲಾಗುತ್ತದೆ, ಮತ್ತೆ ಲಾಗ್ ತೆಗೆಯಬೇಕು, ಅದೂ ಇಲ್ಲೇ ಮೇಲೆ.