ಲಂಡನ್ನಿಗೆ ಹೊಸದಾಗಿ ಬಂದವರಿಗೆ: ಬೀದಿಗಳ್ಳತನ ಮತ್ತು ಸುರಕ್ಷತೆ

ಲಂಡನ್ ಹೆದರಿ ಬದುಕಬೇಕಾದ ಊರಲ್ಲ. ನಮ್ಮ ಸಂಘದ ಅನೇಕ ಸದಸ್ಯರು ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲೇ ಮನೆ ಸೇರುತ್ತಾರೆ. ಆದರೂ ಇಲ್ಲಿನ ಕಳ್ಳರ ಕಣ್ಣು ಯಾವುದರ ಮೇಲಿರುತ್ತದೆ ಎಂಬುದನ್ನು ಬಂದ ವಾರವೇ ತಿಳಿದುಕೊಳ್ಳುವುದು ಒಳ್ಳೆಯದು.

ಫೋನು

ಆಕ್ಸ್‌ಫರ್ಡ್ ಸ್ಟ್ರೀಟ್, ವೆಸ್ಟ್ ಎಂಡ್ ಸುತ್ತಮುತ್ತ ಮುಖ ಮುಚ್ಚಿಕೊಂಡು ಎಲೆಕ್ಟ್ರಿಕ್ ಬೈಕಿನಲ್ಲಿ ಬರುವವರು, ದಾರಿ ಹುಡುಕುತ್ತ ರಸ್ತೆಯಂಚಿನಲ್ಲಿ ನಿಂತವರ ಕೈಯಿಂದ ಫೋನು ಕಿತ್ತುಕೊಂಡು ಹೋಗುತ್ತಾರೆ. ಆದ್ದರಿಂದ ನಿಲ್ದಾಣದ ಒಳಗೇ ದಾರಿ ನೋಡಿಕೊಳ್ಳಿ. ಹೊರಗೆ ನೋಡಲೇಬೇಕಾದರೆ ರಸ್ತೆಗೆ ಬೆನ್ನು ಮಾಡದೆ ಗೋಡೆಗೆ ಒರಗಿ ನಿಂತು ನೋಡಿ. ಕಳ್ಳರಿಗೆ ಬೇಕಾದದ್ದು ಲಾಕ್ ತೆರೆದಿರುವ ಫೋನು, ಏಕೆಂದರೆ ಅದರೊಳಗೆ ನಿಮ್ಮ ಬ್ಯಾಂಕೂ ಇರುತ್ತದೆ. ಐಫೋನಿನಲ್ಲಿ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’, ಆಂಡ್ರಾಯ್ಡಿನಲ್ಲಿ ‘ಥೆಫ್ಟ್ ಡಿಟೆಕ್ಷನ್ ಲಾಕ್’ ಇದ್ದರೆ ಅವನ್ನು ಇಂದೇ ಆನ್ ಮಾಡಿ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದಾಗ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು (ಅದು ನಿಮ್ಮ ಫೋನಿನ ಗುರುತಿನ ಸಂಖ್ಯೆ) ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಭಾರತದ ಬ್ಯಾಂಕುಗಳ ಒಟಿಪಿ ಬರುವ ಸಿಮ್ಮನ್ನು ಹೊರಗೆ ಒಯ್ಯುವ ಫೋನಿನಲ್ಲಿ ಇಟ್ಟುಕೊಂಡು, ಫೋನು ಹೋದ ದಿನ ಎರಡೂ ದೇಶಗಳ ಖಾತೆಗಳಿಗೆ ಕೈಯೆಟುಕದೆ ಕುಳಿತವರನ್ನು ನಾವು ನೋಡಿದ್ದೇವೆ. ಆ ಸಿಮ್ ಮನೆಯ ಹಳೆಯ ಫೋನಿನಲ್ಲಿರಲಿ. ಕಳುವಾದ ಫೋನು ಎಲ್ಲಿದೆ ಎಂದು ನಕ್ಷೆ ತೋರಿಸಿದರೂ ನೀವಾಗಿ ಅಲ್ಲಿಗೆ ಹೋಗಬೇಡಿ. ‘ನಿಮ್ಮ ಫೋನು ಸಿಕ್ಕಿದೆ, ಪಾಸ್‌ಕೋಡ್ ಕಳುಹಿಸಿ’ ಎಂಬ ಸಂದೇಶ ಬಂದರೆ ಅದು ಕಳ್ಳರದೇ ಎಂದು ತಿಳಿಯಿರಿ.

ಚಿನ್ನ

ಏಷ್ಯನ್ ಕುಟುಂಬಗಳ ಮನೆಯಲ್ಲಿ ಚಿನ್ನವಿರುತ್ತದೆ ಎಂಬುದು ಇಲ್ಲಿನ ಕನ್ನಗಳ್ಳರಿಗೆ ಚೆನ್ನಾಗಿ ಗೊತ್ತಿದ್ದು, ದೀಪಾವಳಿಯ ಹೊತ್ತಿಗೆ ಪೊಲೀಸರೇ ಈ ಬಗ್ಗೆ ಎಚ್ಚರಿಕೆ ಕೊಡುತ್ತಾರೆ. ನಮ್ಮ ಕಾರ್ಯಕ್ರಮಗಳಿಗೆ ಒಡವೆ ಹಾಕಿಕೊಂಡು ಬರುವುದಕ್ಕೆ ಸಂಘದ ಆಕ್ಷೇಪಣೆ ಏನೂ ಇಲ್ಲ, ಅದನ್ನು ನೋಡುವುದು ನಮಗೂ ಸಂತೋಷವೇ; ಆದರೆ ದಾರಿಯಲ್ಲಿ ಶಾಲಿನ ಒಳಗಿರಲಿ, ಮನೆಯವರೆಲ್ಲ ಹೊರಗಿರುವಾಗಲೇ ಫೋಟೋಗಳನ್ನು ಜಾಲತಾಣಕ್ಕೆ ಹಾಕುವ ಆತುರ ಬೇಡ. ಇಲ್ಲಿನ ಬಹಳಷ್ಟು ಬ್ಯಾಂಕುಗಳು ಹೊಸಬರಿಗೆ ಲಾಕರ್ ಕೊಡುವುದಿಲ್ಲವಾದ್ದರಿಂದ, ಬೇಕಾದವರು ಖಾಸಗಿ ಲಾಕರ್ ಬಾಡಿಗೆಗೆ ಪಡೆಯಬೇಕಾಗುತ್ತದೆ. ಮನೆಯ ವಿಮೆಯಲ್ಲಿ ಸಾಮಾನ್ಯವಾಗಿ ಒಂದು ಒಡವೆಗೆ ಇಷ್ಟೇ ಎಂಬ ಮಿತಿ ಇರುತ್ತದೆ. ಅದನ್ನು ಮೀರಿದ ಒಡವೆಗಳನ್ನು ಬೆಲೆ ಕಟ್ಟಿಸಿ ಮೊದಲೇ ಪಾಲಿಸಿಯಲ್ಲಿ ಬರೆಸದಿದ್ದರೆ ಪೂರ್ತಿ ಪರಿಹಾರ ಬರುವುದಿಲ್ಲ. ಇಲ್ಲಿನ ಅನೇಕ ಮನೆಗಳ ಮುಂಬಾಗಿಲನ್ನು ಎಳೆದುಕೊಂಡರೆ ಸಾಲದು, ಹಿಡಿಕೆ ಮೇಲೆತ್ತಿ ಕೀಲಿ ತಿರುಗಿಸಿದರೆ ಮಾತ್ರ ಬೀಗ ಬೀಳುತ್ತದೆ.

ಪಾಸ್‌ಪೋರ್ಟ್

ಈ ದೇಶದಲ್ಲಿ ಗುರುತಿನ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬ ನಿಯಮವಿಲ್ಲ. ಪಾಸ್‌ಪೋರ್ಟ್ ಮನೆಯಲ್ಲಿರಲಿ. ಕಳೆದರೆ ಪೊಲೀಸರಿಗೆ ತಿಳಿಸಿ, ಭಾರತದ ಹೈಕಮಿಷನ್ ಮೂಲಕ ಹೊಸದನ್ನು ಪಡೆದು, ಅದರ ವಿವರವನ್ನು ಇ-ವೀಸಾ ಖಾತೆಗೆ ಸೇರಿಸಲು ಮರೆಯಬೇಡಿ.

ಇನ್ನೂ ಕೆಲವು

ಊರಿನಿಂದ ಪೆಪ್ಪರ್ ಸ್ಪ್ರೇ ತರಬೇಡಿ. 1968ರ ಫೈರ್‌ಆರ್ಮ್ಸ್ ಕಾಯ್ದೆಯ ಪ್ರಕಾರ ಅದು ನಿಷೇಧಿತ ಆಯುಧ. ಆತ್ಮರಕ್ಷಣೆಗೆಂದು ಹೇಳಿದರೂ ಅಪರಾಧಿ ನೀವೇ ಆಗುತ್ತೀರಿ. ರಸ್ತೆಯಲ್ಲಿ ಕೈ ತೋರಿಸಿ ಹತ್ತಬಹುದಾದದ್ದು ಬ್ಲ್ಯಾಕ್ ಕ್ಯಾಬ್ ಮಾತ್ರ, ಉಳಿದವನ್ನು ಮೊದಲೇ ಬುಕ್ ಮಾಡಿರಬೇಕು. ವೀಸಾ ರದ್ದಾಗುತ್ತದೆ, ದಂಡ ಕಟ್ಟಿ ಎಂದು ಬೆದರಿಸುವ ಕರೆಗಳಿಗೆ ಉತ್ತರಿಸುತ್ತ ಕೂರದೆ ಫೋನು ಇಟ್ಟುಬಿಡಿ.

ದೂರು

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ನಮ್ಮವರು ಕಳ್ಳತನವಾದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹತ್ತು ಜನರಿಗೆ ಹೇಳುತ್ತಾರೆ, ಪೊಲೀಸರಿಗೆ ಮಾತ್ರ ಹೇಳುವುದಿಲ್ಲ. ಠಾಣೆಯ ಮೆಟ್ಟಿಲು ಹತ್ತುವುದು ಮರ್ಯಾದಸ್ಥರ ಕೆಲಸವಲ್ಲ ಎಂಬ ಭಾವನೆಯನ್ನು ದಯವಿಟ್ಟು ಬಿಡಿ. ಇಲ್ಲಿ ಮನೆಯಲ್ಲೇ ಕುಳಿತು ಮೆಟ್ರೊಪಾಲಿಟನ್ ಪೊಲೀಸರ ಜಾಲತಾಣದಲ್ಲಿ ದೂರು ಬರೆಯಬಹುದು. ಆಗ ಸಿಗುವ ಕ್ರೈಮ್ ರೆಫರೆನ್ಸ್ ನಂಬರನ್ನು ವಿಮೆಯವರು ಕೇಳುತ್ತಾರೆ. ಬಣ್ಣ, ದೇಶ ಹಿಡಿದು ಯಾರಾದರೂ ಬೈದರೂ, ತಳ್ಳಿದರೂ ಅದನ್ನೂ ಸ್ಪಷ್ಟವಾಗಿ ಬರೆಯಿರಿ. ಇಲ್ಲಿನ ಪೊಲೀಸರು ಅದನ್ನು ದ್ವೇಷಾಪರಾಧವೆಂದು ದಾಖಲಿಸುತ್ತಾರೆ.

999: ಅಪಾಯ ಎದುರಿಗಿರುವಾಗ. ಮೊಬೈಲಿನಲ್ಲಿ ಮಾತಾಡಲಾಗದಿದ್ದರೆ, ಕೇಳಿದಾಗ 55 ಒತ್ತಿ.
101: ತುರ್ತಲ್ಲದ ದೂರು.
61016: ರೈಲು, ಟ್ಯೂಬ್‌ನಲ್ಲಿ ಕಿರುಕುಳವಾದರೆ ಸಂದೇಶ ಕಳುಹಿಸಲು.
159: ಬ್ಯಾಂಕ್ ವಂಚನೆಯ ಅನುಮಾನ ಬಂದರೆ.