ಅಪ್ಪನ ಪಾಠದಿಂದಲೇ ಕಲಿತ ಪ್ರಶ್ನೆ

ನಮ್ಮದು ಬಸವನಗುಡಿಯ ಕಟ್ಟಾ ಮಾಧ್ವರ ಮನೆ. ಏಕಾದಶಿ ದಿನ ದೊಡ್ಡವರು ನೀರೂ ಮುಟ್ಟುತ್ತಿರಲಿಲ್ಲ. ಚಾತುರ್ಮಾಸ್ಯ ಬಂತೆಂದರೆ ಮೊದಲ ತಿಂಗಳು ತರಕಾರಿ ಇಲ್ಲ, ಆಮೇಲೆ ಮೊಸರು ಇಲ್ಲ, ಹಾಲು ಇಲ್ಲ, ಕೊನೆಯ ತಿಂಗಳು ಬೇಳೆ ಇಲ್ಲ. ಆಷಾಢದ ಏಕಾದಶಿಗೆ ಮಠಕ್ಕೆ ಹೋಗಿ ತಪ್ತಮುದ್ರೆ, ಅಂದರೆ ಕಾಯಿಸಿದ ಶಂಖ ಚಕ್ರದ ಅಚ್ಚು, ಮೈಮೇಲೆ ಹಾಕಿಸಿಕೊಳ್ಳುತ್ತಿದ್ದೆವು. ಹೊರಗಾದರೆ ಹೆಣ್ಣುಮಕ್ಕಳು ಮೂರು ದಿನ ಚಾಪೆ, ತಟ್ಟೆ, ಲೋಟ ಬೇರೆ ಇಟ್ಟುಕೊಂಡು ಮೂಲೆಯಲ್ಲಿ ಕೂರಬೇಕು. ಇದರಲ್ಲಿ ಏನು ಬಿಟ್ಟೆ, ಏನು ಉಳಿಸಿಕೊಂಡೆ, ಹೇಗೆ ಯೋಚಿಸಿದೆ ಅಂತ ಬರೆಯುತ್ತಿದ್ದೇನೆ. ಇಂಥ ಮನೆಯಲ್ಲಿ ಬೆಳೆದು ಒಳಗೊಳಗೇ ಕೊರಗುವವರು ತುಂಬ ಜನ ಇದ್ದಾರೆ ಅಂತ ನನಗೆ ಗೊತ್ತು.

ಅಪ್ಪ ಸಂಜೆ ಹೊತ್ತು ಹುಡುಗರಿಗೆ ಶಾಸ್ತ್ರಪಾಠ ಹೇಳುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಪಾಠ ಇಲ್ಲ. ನಾನು ಒಳಗೆ ಬತ್ತಿ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಯಾವುದನ್ನೇ ಒಪ್ಪಬೇಕಾದರೂ ಪ್ರಮಾಣ, ಅಂದರೆ ನಿಜವನ್ನು ತಿಳಿಯುವ ಸಾಧನ, ಬೇಕು. ಮಧ್ವಾಚಾರ್ಯರ ಮತದಲ್ಲಿ ಪ್ರಮಾಣ ಮೂರು: ಪ್ರತ್ಯಕ್ಷ (ಕಂಡು ಕೇಳಿ ತಿಳಿಯುವುದು), ಅನುಮಾನ (ತರ್ಕದಿಂದ ತಿಳಿಯುವುದು), ಆಗಮ (ವೇದ ಶಾಸ್ತ್ರಗಳ ಮಾತು). ವೇದ ತಿಳಿಯಬೇಕಾದರೂ ಮೊದಲು ಕಿವಿಯಿಂದ ಕೇಳಬೇಕಲ್ಲ? ಹಾಗಾಗಿ ಆಗಮ ನಿಂತಿರುವುದೇ ಪ್ರತ್ಯಕ್ಷದ ಮೇಲೆ. ಹೀಗೆ ಆಧಾರವಾಗಿರುವುದರಿಂದ ಪ್ರತ್ಯಕ್ಷವನ್ನು 'ಉಪಜೀವ್ಯ' ಅನ್ನುತ್ತಾರೆ. ಕಣ್ಣಿಗೆ ಕಾಣುವ ವಿಷಯದಲ್ಲಿ ಆಗಮ ಅದಕ್ಕೆ ವಿರುದ್ಧವಾಗಿ ಹೇಳಿದಂತೆ ಕಂಡರೆ, ಆಗಮದ ಅರ್ಥವನ್ನೇ ಬೇರೆ ಮಾಡಿಕೊಳ್ಳಬೇಕು. ಜಗತ್ತು ಮಿಥ್ಯೆ ಅನ್ನುವ ಅದ್ವೈತದ ಮಾತನ್ನು ಅಪ್ಪ ಇದೇ ವಾದದಿಂದ ಖಂಡಿಸುತ್ತಿದ್ದರು. "ನೂರು ಶ್ರುತಿ ಹೇಳಿದರೂ ಬೆಂಕಿ ತಣ್ಣಗಾಗುತ್ತದೇನ್ರೋ?" ಎಂದು ಹುಡುಗರನ್ನು ಕೇಳುವಾಗ ಅವರ ದನಿ ಏರುತ್ತಿತ್ತು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅದ್ವೈತಿಗಳಿಗೆ ಹಾಕುವ ಪ್ರಶ್ನೆಯನ್ನು ನಮ್ಮ ಅಡುಗೆಮನೆಗೂ ಹಾಕಬಹುದು ಅಲ್ವಾ?

ನಾನು ಓದಿದ್ದು ನ್ಯಾಷನಲ್ ಕಾಲೇಜಿನಲ್ಲಿ. ವಿಚಾರವಾದಿ ಎಚ್. ನರಸಿಂಹಯ್ಯನವರು ಅಲ್ಲಿಯ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದವರು ಅವರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅನ್ನುವ ಮಾತು ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ. ನರಸಿಂಹಯ್ಯನವರದು ಖಾದಿ, ಗಾಂಧಿ ಟೋಪಿ, ಒಂದು ಕೋಣೆಯ ಬದುಕು. ದೇವರ ಭಯ ಇಲ್ಲದಿದ್ದರೆ ಮನುಷ್ಯ ಕೆಟ್ಟುಹೋಗುತ್ತಾನೆ ಅಂತ ಮನೆಯಲ್ಲಿ ಕೇಳಿ ಬೆಳೆದವಳಿಗೆ ಅವರನ್ನು ನೋಡಿದ್ದೇ ದೊಡ್ಡ ಉತ್ತರವಾಗಿತ್ತು.

ಎಲ್ಲವನ್ನೂ ಒಟ್ಟಿಗೆ ಬಿಡಲು ಹೋಗಲಿಲ್ಲ. ಮೊದಲು ಪರೀಕ್ಷೆಗೆ ಸಿಗುವಂಥದ್ದನ್ನು ತೆಗೆದುಕೊಂಡೆ. ಗ್ರಹಣ. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಿತು, ಬೆಂಗಳೂರಿನಲ್ಲಿ ಪಾರ್ಶ್ವ. ತಂಗಿ ಬಸುರಿ, ತವರಿಗೆ ಬಂದಿದ್ದಳು. ಸೂರ್ಯಗ್ರಹಣಕ್ಕೆ ನಾಲ್ಕು ಯಾಮ ಮೊದಲೇ ವೇಧ, ಅಂದರೆ 12 ಗಂಟೆ ಮುಂಚೆಯೇ ಊಟ ನಿಲ್ಲಬೇಕು. ಅಮ್ಮ ಉಪ್ಪಿನಕಾಯಿ ಜಾಡಿಗೆ, ಹಾಲಿನ ಪಾತ್ರೆಗೆ, ನೀರಿನ ಕೊಡಕ್ಕೆ ದರ್ಭೆ ಹಾಕಿದರು. ತಂಗಿಗೆ ಕತ್ತಲೆ ಕೋಣೆ. ಚಾಕು ಮುಟ್ಟಬೇಡ, ಮಗುವಿನ ತುಟಿ ಸೀಳುತ್ತದೆ ಎಂದರು.

ಗೋಡೆಯ ಮೊಳೆಗೆ ಪಂಚಾಂಗ ನೇತುಹಾಕಿತ್ತು. ಬೆಳಿಗ್ಗೆ 8 ದಾಟಿದ ಮೇಲೆ ಸ್ಪರ್ಶ, ಅಂದರೆ ಗ್ರಹಣ ಹಿಡಿಯುವುದು, 11 ದಾಟಿದ ಮೇಲೆ ಮೋಕ್ಷ, ಅಂದರೆ ಬಿಡುವುದು. ನಾನು ಅದನ್ನು ತೆಗೆದು ಅಪ್ಪನ ಮುಂದೆ ಇಟ್ಟೆ. "ಅಪ್ಪ, ಈ ಹೊತ್ತನ್ನು ಲೆಕ್ಕ ಹಾಕಿದ್ದು ರಾಹುವನ್ನು ಕೇಳಿಯೋ, ನೆರಳನ್ನು ಅಳೆದೋ?" ಅಪ್ಪ ಸುಳ್ಳು ಹೇಳುವವರಲ್ಲ. "ನೆರಳನ್ನೇ ಅಳೆದಿರುವುದು. ಆರ್ಯಭಟನೇ ಹೇಳಿದ್ದಾನೆ" ಎಂದರು. ಕ್ರಿ.ಶ. 499ರ ಹೊತ್ತಿಗೇ ಗೊತ್ತಿದ್ದ ವಿಷಯ ಅದು. "ಗ್ರಹಣ ಕಣ್ಣಿಗೆ ಕಾಣುವ ವಿಷಯ ತಾನೇ? ಹಾಗಾದರೆ ಇಲ್ಲಿ ಯಾವ ಪ್ರಮಾಣ ದೊಡ್ಡದು?" ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಪ್ರಮಾಣ ಬೇರೆ, ಆಚಾರ ಬೇರೆ ಕಣಮ್ಮ" ಎಂದು ಸ್ನಾನಕ್ಕೆ ಎದ್ದರು.

ಆ ಉತ್ತರ ನನಗೆ ಸಾಲಲಿಲ್ಲ. ಸೀಳುತುಟಿ ಇರುವ ಮಕ್ಕಳು ಎಲ್ಲ ದೇಶಗಳಲ್ಲೂ ವರ್ಷವಿಡೀ ಹುಟ್ಟುತ್ತವೆ, ಗ್ರಹಣ ಇರಲಿ ಬಿಡಲಿ. ಆದರೆ ಅಂಥ ಮಗು ಹುಟ್ಟಿದಾಗ "ಗ್ರಹಣದಲ್ಲಿ ಏನು ಮಾಡಿದಳೋ" ಅಂತ ಬಾಣಂತಿಯನ್ನು ಚುಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುಮ್ನೆ ಒಂದು ಆಚಾರ, ಯಾರಿಗೇನು ನಷ್ಟ ಅನ್ನುವವರು ಆ ಹೆಂಗಸಿನ ಮುಖ ನೋಡಬೇಕು. ಅವತ್ತು ಕೋಣೆಯ ಬಾಗಿಲು ತೆಗೆದು, ತಂಗಿಗೆ ಬಿಸಿ ಅನ್ನ ಸಾರು ಬಡಿಸಿ, ನಾನೂ ಪಕ್ಕದಲ್ಲಿ ಕೂತು ಉಂಡೆ. ಅಮ್ಮ ಅತ್ತರು. ತಂಗಿ ಮೊದಲ ತುತ್ತಿಗೆ ಕೈ ತಡೆದಳು, ಆಮೇಲೆ ಹಸಿವಿಗೆ ಇನ್ನಷ್ಟು ಹಾಕಿಸಿಕೊಂಡಳು.

ಆಗ ನನ್ನ ಕೈಯೂ ನಡುಗುತ್ತಿತ್ತು. ಇದನ್ನು ಹೇಳಲೇಬೇಕು. ತಲೆ ಒಪ್ಪಿದರೂ ಮೈ ಒಪ್ಪುವುದಿಲ್ಲ. ಏಕಾದಶಿ ದಿನ ಅನ್ನ ಉಂಡು ರಾತ್ರಿಯೆಲ್ಲ ನಿದ್ದೆ ಬಾರದೆ ಹೊರಳಾಡಿದ್ದೇನೆ. ಯಾವ ಪುಸ್ತಕ ಓದಿದರೂ ಆ ಭಯ ಹೋಗಲಿಲ್ಲ. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದ ಮೇಲೆ, ಏನೂ ಆಗದ್ದನ್ನು ಮೈ ತಾನೇ ಕಂಡುಕೊಂಡ ಮೇಲೆ ಹೋಯಿತು. ಅಲ್ಲಿಯವರೆಗೆ ಭಯ ಇರುತ್ತದೆ. ಭಯ ಇದೆ ಅಂದ ಮಾತ್ರಕ್ಕೆ ನಂಬಿಕೆ ನಿಜ ಅಂತ ಅಲ್ಲ.

ಮಡಿ ಮೈಲಿಗೆಯ ವಿಷಯದಲ್ಲಿ ಜಾಸ್ತಿ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಅಲ್ಲಿ ಕೇಳಬೇಕಾದ್ದು ಒಂದೇ: ಇದರ ಭಾರ ಯಾರ ಮೇಲೆ ಬೀಳುತ್ತಿದೆ? ಮನೆ ಕೆಲಸದವರಿಗೆ ಹಿತ್ತಲಲ್ಲಿ ಬೇರೆ ಲೋಟ, ಮುಟ್ಟಾದ ಹುಡುಗಿಗೆ ಮೂಲೆ. ಎರಡನ್ನೂ ಬಿಟ್ಟೆ.

ಕಷ್ಟವಾಗಿದ್ದು ಕಾಣದ ವಿಷಯ. ನಮ್ಮ ಮತದಲ್ಲಿ ಜೀವರು ಮೂರು ಬಗೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಮೂರನೆಯವರಿಗೆ ಎಂದೆಂದಿಗೂ ಕತ್ತಲೆಯೇ ಗತಿ. ಅದು ಅವರ ಸ್ವಭಾವ, ಅನಾದಿ, ದೇವರು ಕೊಟ್ಟದ್ದಲ್ಲ ಎಂದು ಅಪ್ಪ ಬಿಡಿಸಿ ಹೇಳಿದರು. ನಾನು ಕೇಳಿದೆ: "ಸ್ವತಂತ್ರನಾದ ದೇವರಿಗೆ ಕರುಣೆಯೂ ಇದ್ದರೆ, ಆ ಒಂದು ಜೀವ ಸಾವಿರ ಜನ್ಮ ಎತ್ತಿದರೂ ಬದಲಾಗಲು ದಾರಿಯೇ ಇಲ್ಲವಾ?" ಇಲ್ಲ ಎಂದರು. ನನಗೆ ದೇವರು ದೂರವಾದದ್ದು ಗ್ರಹಣದಿಂದಲ್ಲ, ಈ 'ಇಲ್ಲ'ದಿಂದ. ಇದನ್ನು ಪ್ರತ್ಯಕ್ಷದಿಂದ ತಪ್ಪು ಅಂತ ತೋರಿಸಲು ನನ್ನಿಂದ ಆಗುವುದಿಲ್ಲ. ಆದರೆ ನ್ಯಾಯ ಅಂತ ಒಪ್ಪಲೂ ಆಗುವುದಿಲ್ಲ. ದೇವರಿದ್ದಾನಾ ಅಂತ ಯಾರಾದರೂ ಕೇಳಿದರೆ ಈಗ "ಗೊತ್ತಿಲ್ಲ" ಅನ್ನುತ್ತೇನೆ. ಗೊತ್ತಿರುವವಳಂತೆ ಕೈ ಮುಗಿಯುವುದನ್ನು ನಿಲ್ಲಿಸಿದ್ದೇನೆ.

ದಾಸರ ಪದ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಜ್ಜಿಯ ಶ್ರಾದ್ಧಕ್ಕೆ ಹೋಗುತ್ತೇನೆ, ಅವರನ್ನು ನೆನೆಯಲು. ಅಪ್ಪ ಸಂಧ್ಯಾವಂದನೆಗೆ ಕೂತಾಗ ನೀರು ತಂದಿಡುತ್ತೇನೆ, ವಾದಕ್ಕೆ ಇಳಿಯುವುದಿಲ್ಲ. ಅವರಾಗಿಯೇ ಮಾತು ತೆಗೆದರೆ ಮಾತ್ರ ಕೂತು ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ. ನನ್ನ ಮಗಳು ದೊಡ್ಡವಳಾದಾಗ ಅವಳಿಗೆ ಮೂಲೆ ಇಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿದ್ದೆ. ಅಮ್ಮ ಎರಡು ವಾರ ಮಾತು ಬಿಟ್ಟರು. ಈಗ ಆ ಮೂರು ದಿನವೂ ಮೊಮ್ಮಗಳು ಅಜ್ಜಿಯ ಮಂಚದಲ್ಲೇ ಮಲಗುತ್ತಾಳೆ. ಅಪ್ಪನ ಹತ್ತಿರ ಪ್ರಮಾಣದ ಪಾಠವನ್ನೂ ಶುರು ಮಾಡಿದ್ದಾಳೆ. ಒಳಗೆ ಬತ್ತಿ ಹೊಸೆಯುತ್ತ ಅಲ್ಲ, ಹುಡುಗರ ಜೊತೆ ನಡುಮನೆಯಲ್ಲೇ ಕೂತು.